ಅಪ್ಪ ತೀರಿಕೊಂಡ ಮೇಲೆ ಅವರ ಚಿತ್ರ ಬಿಡಿಸಲು ಕೂತರೆ ಮುಖವೇ ಬರುತ್ತಿಲ್ಲ, ಏನು ಮಾಡಲಿ?

ಎಂಟು ತಿಂಗಳಾಯಿತು, ಅಂಗಿಯ ಕಾಲರ್ ತನಕ ಬರುತ್ತದೆ, ಅಲ್ಲಿಂದ ಮೇಲೆ ಪೆನ್ಸಿಲ್ ಏಳುವುದಿಲ್ಲ ಅಂದಿದ್ದೀರಿ. ಚಿತ್ರ ಬಿಡಿಸಿದರೆ ದುಃಖ ಇಳಿಯುತ್ತದೆ ಅನ್ನುವುದು ಸುಳ್ಳಾ ಅಂತಲೂ ಕೇಳಿದ್ದೀರಿ. ಪೂರ್ತಿ ಸುಳ್ಳಲ್ಲ. ಆದರೆ ಇಳಿಸಲಿಕ್ಕೆ ಅಂತಲೇ ಕೂತರೆ ಇಳಿಯುವುದಿಲ್ಲ.

ನಾನು ಚಿತ್ರಗಾರ್ತಿ ಅಲ್ಲ. ನಮ್ಮದು ಧಾರವಾಡ, ಅವ್ವ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಗಂಟು ಹಾಕುವ ಹಾಗಿಲ್ಲ. ಒಳಗೂ ಹೊರಗೂ ಒಂದೇ ರೀತಿ ಕಾಣಬೇಕು.

ಅವ್ವ ಹೋದಾಗ ಒಂದು ಕಪ್ಪು ಸೀರೆಯ ಸೆರಗಿನಲ್ಲಿ ಒಂದು ಗೋಪುರ, ಅರ್ಧ ಆನೆ ಉಳಿದಿದ್ದವು. ವರ್ಷದ ಮೇಲೆ ಟ್ರಂಕಿನಿಂದ ತೆಗೆದು ನೋಡಿದರೆ ಗೋಪುರದ ಮೂರನೇ ಅಂತಸ್ತಿನಲ್ಲಿ ಎಣಿಕೆ ತಪ್ಪಿತ್ತು. ನಾಲ್ಕು ಎಳೆ ಇರಬೇಕಾದಲ್ಲಿ ಐದು. ಕಡೆಕಡೆಗೆ ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಬಿಚ್ಚಿ ಸರಿ ಮಾಡಿದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ನಾನು ಹಾಕಿದ್ದನ್ನು ಬಿಚ್ಚಿ, ಅವಳ ಸೂಜಿಯ ಹಳೆ ತೂತು ಬೆಳಕಿಗೆ ಹಿಡಿದು ಹುಡುಕಿ, ಅವಳ ತಪ್ಪನ್ನೇ ಎಣಿಸಿ ಎಣಿಸಿ ಹಾಕಿದೆ. "ಸರಿ ಇದ್ದದ್ದನ್ನ ಯಾಕ ಕೆಡಿಸಿದಿ, ಹುಚ್ಚಿ?" ಅಂದಳು ಚಿಗವ್ವ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಪ್ರಶ್ನೆ ಓದಿದಾಗ ನೆನಪಾದವರು ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್. ಅವರ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತ, ಹದಿನೆಂಟು ವರ್ಷ. ಸೈನ್ಯ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಒಲ್ಲೆ ಅಂದಾಗ ಒಪ್ಪಿಸಿದವಳು ತಾಯಿಯೇ. ಈ ಸಂಕಟ ಬೇರೆ. ಅದೇ ವರ್ಷ ಸ್ಮಾರಕಕ್ಕೆ ಕೈ ಹಾಕಿದರು: ಮಲಗಿದ ಮಗ, ತಲೆ ಕಡೆ ಅಪ್ಪ, ಕಾಲ ಕಡೆ ಅಮ್ಮ. ಆಗಲಿಲ್ಲ. 1919ರಲ್ಲಿ ಕೈಬಿಟ್ಟರು, ವರ್ಷಗಳ ಮೇಲೆ ಮತ್ತೆ ಎತ್ತಿಕೊಂಡರು. ಕೊನೆಗೆ 1932ರಲ್ಲಿ ಸ್ಮಶಾನದಲ್ಲಿ ಕಲ್ಲು ನಿಂತಾಗ ಅದರಲ್ಲಿ ಮಗನೇ ಇರಲಿಲ್ಲ. ಮಂಡಿಯೂರಿದ ಅಪ್ಪ, ತನ್ನನ್ನು ತಾನೇ ಬಿಗಿಯಾಗಿ ಅಪ್ಪಿಕೊಂಡು ಕೂತಿದ್ದಾನೆ. ಪಕ್ಕದ ಕಲ್ಲಿನ ಮೇಲೆ ಬಾಗಿದ ಅಮ್ಮ. ನಡುವೆ ಬರೀ ಜಾಗ. ಮುಖಗಳು ಗಂಡನದು, ತನ್ನದು. ಈಗ ಅವು ಬೆಲ್ಜಿಯಂನ ವ್ಲಾಡ್ಸ್ಲೋ ಸೈನಿಕ ಸ್ಮಶಾನದಲ್ಲಿವೆ. ನಾನು ನೋಡಿದ್ದು ಫೋಟೋದಲ್ಲಷ್ಟೇ.

ಹದಿನೆಂಟು ವರ್ಷ ಹಿಡಿಯಿತಲ್ಲ ಅಂತ ಹೆದರಬೇಡಿ, ನಿಮಗೆ ಅಷ್ಟೆಲ್ಲ ಆಗಬೇಕಿಲ್ಲ. ನನ್ನ ಆನೆಗೂ ಇನ್ನೂ ಸೊಂಡಿಲಿಲ್ಲ, ಆರು ವರ್ಷವಾಯಿತು. ಸಂಕ್ರಾಂತಿಗೆ ತೆಗೆಯುತ್ತೇನೆ, ಒಂದಿಷ್ಟು ಎಳೆ ಹಾಕಿ ಮಡಚಿಡುತ್ತೇನೆ.

ಮುಖ ಬರದಿದ್ದರೆ ಸದ್ಯ ಬಿಡಿ. ಕಾಲರ್ ತನಕ ಬಂದಿದೆ ಅಂದಿರಲ್ಲ, ಆ ಕಾಲರ್ ಹೇಗಿತ್ತು? ಇಸ್ತ್ರಿ ಗರಿಗರಿಯಾಗಿರುತ್ತಿತ್ತಾ, ಅಂಚು ಸವೆದಿತ್ತಾ, ಒಳಗಡೆ ಬೆವರಿನ ಕಲೆ ಇತ್ತಾ? ಅಂಗಿ ಇನ್ನೂ ಮನೆಯಲ್ಲಿದ್ದರೆ ಒಗೆಯಬೇಡಿ. ಎದುರಿಗೆ ಹರಡಿಕೊಂಡು ಅದನ್ನೇ ಬಿಡಿಸಿ.