ನಾನ್-ಸ್ಪೋರ್ಟಿಂಗ್ ನಾಯಿಗಳೆಲ್ಲ ಸಾಧುವೇ? ಮೈಸೂರಿನ ಮನೆಗೆ ಯಾವುದು ಸರಿ?

ಎಲ್ಲವೂ ಸಾಧುವಲ್ಲ. ನಾನ್-ಸ್ಪೋರ್ಟಿಂಗ್ ಎಂಬುದು ಸ್ವಭಾವ ನೋಡಿ ಮಾಡಿದ ಗುಂಪಲ್ಲ. ತಳಿ ನಾಯಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ ಬೇರೆ ಗುಂಪುಗಳಿಗೆ ಹೊಂದದ ತಳಿಗಳನ್ನು ಇದರಲ್ಲಿ ಸೇರಿಸಿದೆ, ಅಷ್ಟೇ.

ಲಾಸಾ ಆಪ್ಸೊ ಟಿಬೆಟ್ಟಿನ ಮಠಗಳಲ್ಲಿ ಒಳಗಾವಲಿಗಿದ್ದ ನಾಯಿ. ಗೊಂಬೆಯಂತೆ ಕಂಡರೂ ಅಪರಿಚಿತರನ್ನು ಸುಲಭಕ್ಕೆ ನಂಬದು, ಬೊಗಳುತ್ತದೆ. ದಿನ ಬಿಟ್ಟು ದಿನ ಬುಡದವರೆಗೂ ಬಾಚದಿದ್ದರೆ ಕಿವಿಯ ಹಿಂದೆ ಕೂದಲು ಜಡೆಗಟ್ಟಿ, ಉಣ್ಣೆ ಹುಳು ಕೂತರೂ ಕಾಣುವುದಿಲ್ಲ. ಪೂಡಲ್ ನೀರಿಗಿಳಿದು ಹೊಡೆದ ಬಾತುಕೋಳಿ ತರುತ್ತಿದ್ದ ನಾಯಿ. ಬಲು ಚುರುಕು, ಕೆಲಸ ಕೊಡದಿದ್ದರೆ ಚಪ್ಪಲಿ ಉಳಿಯದು. ಚೀನಾದ ಚೌ ಚೌ ಬಿಗುಮಾನದ್ದು.

ಡಾಲ್ಮೇಶಿಯನ್ ಕುದುರೆಗಾಡಿಯ ಜೊತೆ ಮೈಲಿಗಟ್ಟಲೆ ಓಡುತ್ತಿದ್ದ ತಳಿ. 30×40 ಸೈಟಿನ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ನಿಮಗೂ ನೆಮ್ಮದಿಯಿಲ್ಲ. ಇದರ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚು, ಕಲ್ಲು ಕಟ್ಟಬಹುದು. ಲಿವರ್, ಕಿಡ್ನಿ ಹಾಕಬೇಡಿ, ನೀರು ಸದಾ ಇರಲಿ. ಹುಟ್ಟುಕಿವುಡೂ ಉಂಟು. ಮರಿ ಕೊಳ್ಳುವಾಗ ಅದರ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿ. ಒಂದೇ ಕಿವಿ ಕಿವುಡಾದರೆ ಇದರಲ್ಲಿ ತಿಳಿಯದು.

ಬುಲ್‌ಡಾಗ್ ಗೂಳಿಯ ಮೇಲೆ ಬಿಡಲು ಬೆಳೆಸಿದ್ದು. ಇಂಗ್ಲೆಂಡಿನಲ್ಲಿ 1835ರಲ್ಲಿ ಆ ಆಟ ನಿಷೇಧವಾದ ಮೇಲೆ ಸೌಮ್ಯವಾಯಿತು. ಆದರೆ ಮೊಂಡು ಮೂಗಿನಿಂದ ಮೈ ತಣಿಯದು. ಏಪ್ರಿಲ್ ಬಿಸಿಲಲ್ಲಿ, ಅದರಲ್ಲೂ ಮಂಡ್ಯದ ಕಡೆ, ಬೆಳಿಗ್ಗೆ 7ರೊಳಗೆ ವಾಕಿಂಗ್ ಮುಗಿಸಿ. ಗೊರಗೊರ ಏದುಸಿರು ಬಂದರೆ ಮೈಗೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ.

ಚಿಕ್ಕ ಮನೆಗೆ ನನ್ನ ಆಯ್ಕೆ ಲಾಸಾ, ಬಾಚುವ ತಾಳ್ಮೆಯಿದ್ದರೆ.