ತಮ್ಮ ಪೂರ್ತಿ ಹುಷಾರಾಗುವವರೆಗೆ ಕಾಯಬೇಕಾ?

ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ, ಮಾತ್ರೆಯಿಂದ ಎಷ್ಟೋ ವಾಸಿ, ಆದರೂ ಆಗಾಗ ಯಾರೂ ಮಾತಾಡದಿದ್ದರೂ ದನಿಗಳು ಕೇಳಿಸುತ್ತವೆ, ದಿನವಿಡೀ ರೂಮಿನಲ್ಲೇ ಇರುತ್ತಾನೆ ಅಂತ ಬರೆದಿದ್ದೀರಿ. ಪೂರ್ತಿ ಹುಷಾರಾದ ಮೇಲೆ ಕೆಲಸದ ಮಾತು ಅಂತ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದೀರಿ. ನಾನು ಮಾನಸಿಕ ಪುನರ್ವಸತಿ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ದಯವಿಟ್ಟು ಹಾಗೆ ಕಾಯಬೇಡಿ.

ದನಿ ಪೂರ್ತಿ ನಿಲ್ಲದಿದ್ದರೂ ದುಡಿಯುವವರು, ಸಂಸಾರ ಮಾಡುವವರು ಎಷ್ಟೋ ಜನ ಇದ್ದಾರೆ. ಅಮೆರಿಕದ ವರ್ಮಾಂಟ್‌ನಲ್ಲಿ ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲೇ ಉಳಿದಿದ್ದವರನ್ನು ಸುಮಾರು 30 ವರ್ಷಗಳ ನಂತರ ಹುಡುಕಿ ಮಾತಾಡಿಸಿದರು. 1987ರಲ್ಲಿ ಬಂದ ಆ ವರದಿಯ ಪ್ರಕಾರ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚೇತರಿಸಿಕೊಂಡಿದ್ದರು, ಇಲ್ಲವೇ ತುಂಬಾ ಸುಧಾರಿಸಿದ್ದರು. ಇವರ ಕಥೆ ಮುಗಿಯಿತು ಅಂತ ಬಿಟ್ಟಿದ್ದ ಜನ ಅವರು!

ಈಗ ಮನೆಯ ವಿಷಯ. ಯಾವ ಬಟ್ಟೆ, ಎಷ್ಟು ಹೊತ್ತಿಗೆ ಸ್ನಾನ, ಯಾರ ಮನೆಗೆ ಹೋಗಬೇಕು, ಎಲ್ಲವನ್ನೂ ನೀವೇ ತೀರ್ಮಾನ ಮಾಡುತ್ತಿದ್ದೀರಾ? ಪ್ರೀತಿಯಿಂದಲೇ ಮಾಡ್ತೀರಿ, ಗೊತ್ತು. ಆದರೆ ಅವನಿಗೆ ತನ್ನದು ಅಂತ ಏನೂ ಉಳಿಯುವುದಿಲ್ಲ. ಡಾಕ್ಟರ ಮುಂದೆ ಅವನೇ ಮೊದಲು ಮಾತಾಡಲಿ. ತಡವರಿಸಿದರೂ ನೀವು ಮಧ್ಯೆ ಬಾಯಿ ಹಾಕಬೇಡಿ. ನಿನಗೆ ಏನು ಮಾಡಬೇಕು ಅನ್ನಿಸುತ್ತೆ ಅಂತ ಕೇಳಿ. ಮೊದಮೊದಲು 'ಏನೂ ಇಲ್ಲ' ಅನ್ನಬಹುದು. ಮತ್ತೆ ಕೇಳಿ, ಆದರೆ ಪೀಡಿಸಬೇಡಿ.

ಸುಮ್ನೆ ಕೂತಿರುವುದನ್ನು ಸೋಮಾರಿತನ ಅನ್ನಬೇಡಿ. ಉತ್ಸಾಹ ಬತ್ತುವುದು ಈ ಕಾಯಿಲೆಯದೇ ಒಂದು ಲಕ್ಷಣ. ಕೆಲವೊಮ್ಮೆ ಮಾತ್ರೆಯ ಮಂಪರೂ ಇರುತ್ತದೆ. ಅದನ್ನು ಡಾಕ್ಟರಿಗೆ ಹೇಳಿದರೆ ಡೋಸ್ ಬದಲಿಸಬಹುದಾ ಅಂತ ನೋಡುತ್ತಾರೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಇನ್ನೊಂದು: ಮನೆಯಲ್ಲಿ ಸದಾ ಬೈಗುಳ, ಟೀಕೆ ಇದ್ದರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಎಷ್ಟೋ ಸಂಶೋಧನೆಗಳಲ್ಲಿ ಇದು ಕಂಡುಬಂದಿದೆ.

ಕೆಲಸ ಬೇಕು ಅಂತ ಅವನೇ ಹೇಳಿದರೆ, ವರ್ಷಗಟ್ಟಲೆ ತರಬೇತಿ ಕೊಡಿಸುತ್ತಾ ಕೂರಬೇಕಿಲ್ಲ. ಮೊದಲು ಅವನಿಗೆ ಇಷ್ಟವಾದ ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲಿ ಜೊತೆಗೆ ನಿಂತು ಸಹಾಯ ಮಾಡುವ ಪದ್ಧತಿಯೇ ಹೆಚ್ಚು ಫಲ ಕೊಟ್ಟಿದೆ. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿದರೂ ಸಾಕು.

ಮತ್ತೆ ಹುಷಾರು ತಪ್ಪಿದರೆ ಅನ್ನುವ ಭಯ ನಿಮಗೆ ಇದ್ದೇ ಇರುತ್ತದೆ. ಅದಕ್ಕೆ ಅವನು ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆಯಲು ಹೇಳಿ. ನಿದ್ದೆ ಕೆಡುವುದೋ, ಅನುಮಾನ ಹೆಚ್ಚುವುದೋ, ಮೊದಲ ಸೂಚನೆ ಏನು? ಯಾರಿಗೆ ಫೋನ್ ಮಾಡಬೇಕು? ಹೋದ ಸಲ ಏನು ಹಿತವಾಗಿತ್ತು, ಯಾವ ಔಷಧಿ ಆಗಿಬರಲಿಲ್ಲ? ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಡಾಕ್ಟರ ಹತ್ತಿರ ಇರಲಿ.