ರೆಂಡರ್‌ಗೆ ಹಚ್ಚಿದ್ರ ಪಿಸಿ ಬಂದ್ ಆಗೂದಕ್ಕ

ವಿದ್ಯಾನಗರದ ಅಣ್ಣಾರ, ಮದಿವಿ ವಿಡಿಯೊ ಎಕ್ಸ್‌ಪೋರ್ಟ್‌ಗೆ (ರೆಂಡರ್‌ಗೆ) ಹಚ್ಚಿದ ಸ್ವಲ್ಪ ಹೊತ್ತಿಗೆ ಪಿಸಿ ಫಟ್ಟನ ಬಂದ್ ಆಗಿ ತಾನ ಚಾಲೂ ಆಗ್ತೈತಿ, ಬ್ರೌಸಿಂಗ್‌ಗೆ ತ್ರಾಸಿಲ್ಲ, ಅಂಗಡಿಯವ್ರು ಮತ್ತ ಮತ್ತ ವಿಂಡೋಸ್ ಹಾಕಿ ಕೊಡಾಕತ್ತಾರ ಅಂದೀರಿ. ಇನ್ನ ಫಾರ್ಮ್ಯಾಟ್ ಹೊಡಿಸಬ್ಯಾಡ್ರಿ. ವಿಂಡೋಸ್ ಎರರ್ ತೋರಿಸೂ ನೀಲಿ ಪರದೆನೂ ಬರದ ಬಂದ್ ಆಗ್ತೈತಿ ಅಂದ್ರ ಬಹುತೇಕ ಹಾರ್ಡ್‌ವೇರ್‌ದ್ದ ಕಾರಭಾರ.

ಮೊದಲ ಇವೆಂಟ್ ವ್ಯೂವರ್‌ನಾಗ (ಪಿಸಿನಾಗ ಏನೇನ್ ಆತು ಅಂತ ವಿಂಡೋಸ್ ಬರದಿಡೂ ಜಾಗ) ಸಿಸ್ಟಮ್ ಲಾಗ್ ತಗೀರಿ. ಕರ್ನಲ್-ಪವರ್ 41 ಅನ್ನೂ ಎಂಟ್ರಿ ಇದ್ದ ಇರ್ತೈತಿ. ಅದು ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟ ಹೇಳ್ತೈತಿ, ಕಾರಣ ಹೇಳೂದಿಲ್ಲ. ಡಿಟೇಲ್ಸ್‌ನಾಗ ಬಗ್‌ಚೆಕ್ ಕೋಡ್ (ಕ್ರ್ಯಾಶ್ ಕಾರಣದ ನಂಬರ್) 0 ಇದ್ರ ವಿಂಡೋಸ್‌ಗೆ ಬರಕೊಳ್ಳಾಕ ಪುರಸೊತ್ತ ಸಿಕ್ಕಿಲ್ಲ. ಎಸ್‌ಎಂಪಿಎಸ್ (ಪಿಸಿ ಒಳಗ ಕರೆಂಟ್ ಕೊಡೂ ಡಬ್ಬಿ), ಯುಪಿಎಸ್, ಇಲ್ಲಾ ಬಿಸಿ ಮ್ಯಾಲೆ ಅನುಮಾನ ಇಡ್ರಿ. ಅದರ ಆಜುಬಾಜು ವೀಯಾ-ಲಾಗರ್ 18 (WHEA-Logger, ಹಾರ್ಡ್‌ವೇರ್ ಎರರ್‌ನ ಎಂಟ್ರಿ) ಕಂಡ್ರ ಪ್ರೊಸೆಸರ್, ಬೋರ್ಡ್, ಓವರ್‌ಕ್ಲಾಕ್ (ನಿಗದಿಗಿಂತ ಜೋರ ಓಡಿಸೂದು) ಕಡೆ ನೋಡ್ರಿ.

ಯುಪಿಎಸ್‌ನ ಎಲ್ಲಾರೂ ಮರೀತಾರ. 600 ವಿಎ ಅಂದ್ರ 600 ವ್ಯಾಟ್ ಅಲ್ರಿ, ಹೆಚ್ಚಿನವು 360 ವ್ಯಾಟ್ ಅಷ್ಟ. ಗ್ರಾಫಿಕ್ಸ್ ಕಾರ್ಡ್ ಇರೂ ಪಿಸಿ ರೆಂಡರ್‌ನಾಗ ಅಷ್ಟು ಸಲೀಸ ಎಳೀತೈತಿ. ಅರ್ಥಿಂಗ್ ಇರೂ ಗ್ವಾಡಿ ಸಾಕೆಟ್‌ಗೆ ನೇರ ಹಚ್ಚಿ, ಅದ ಫೈಲ್ ಎಕ್ಸ್‌ಪೋರ್ಟ್ ಮಾಡ್ರಿ. ಮುಗೀತಂದ್ರ ಖರ್ಚು ಯುಪಿಎಸ್‌ದಷ್ಟ.

ಆಗಲೂ ಬಂದ್ ಆದ್ರ ಲೋಡ್ ಬ್ಯಾರೆ ಬ್ಯಾರೆ ಕೊಡ್ರಿ. ಬಿಸಿ ತೋರಿಸೂ ಎಚ್‌ಡಬ್ಲ್ಯೂ-ಇನ್ಫೋ ತಗದಿಟ್ಟು, ಪ್ರೊಸೆಸರ್‌ಗೆ ಲೋಡ್ ಕೊಡೂ ಪ್ರೈಮ್95, ಆಮ್ಯಾಲೆ ಗ್ರಾಫಿಕ್ಸ್ ಕಾರ್ಡ್‌ಗೆ ಫರ್‌ಮಾರ್ಕ್ ಓಡಿಸ್ರಿ. ಪ್ರೈಮ್ ಹಚ್ಚಿದ ಕೂಡ್ಲೆ ಪ್ರೊಸೆಸರ್ 95-100 ಡಿಗ್ರಿಗೆ ಜಿಗಿದ್ರ ಕೂಲರ್ ಬಿಚ್ಚ್ರಿ. ನಮ್ಮ ಕಡೆ ಕರಿಮಣ್ಣಿನ ಧೂಳು ಹೀಟ್‌ಸಿಂಕ್ ಎಸಳಿನ ನಡುವ ಕಂಬಳಿ ಹೊಚ್ಚಿದಂಗ ಕೂತಿರ್ತೈತಿ, ಫ್ಯಾನ್ ತಗದ ಹೊರತು ಕಾಣೂದಿಲ್ಲ. ಬ್ಲೋವರ್ ಹೊಡೀಬೇಕಾದ್ರ ಫ್ಯಾನ್ ತಿರಗದಂಗ ಬೆರಳ ಹಿಡೀರಿ. ಪ್ರೊಸೆಸರ್ ಮ್ಯಾಲಿನ ಹಳೆ ಥರ್ಮಲ್ ಪೇಸ್ಟ್ ಒರಿಸಿ ಹೊಸಾದು ಹಚ್ಚ್ರಿ.

ಎರಡೂ ಟೆಸ್ಟ್ ಬ್ಯಾರೆ ಬ್ಯಾರೆ ತಡದು, ಕೂಡಿ ಹಚ್ಚಿದಾಗ ಬಂದ್ ಆದ್ರ ನಾ ಎಸ್‌ಎಂಪಿಎಸ್ ಹಿಡೀತೀನಿ. ಕಾರ್ಡ್‌ಗೆ ಎರಡು ಪಿನ್ ಸೆಟ್ ಇದ್ದು ಒಂದ ಕೇಬಲ್‌ನಿಂದ ಎರಡೂ ಹಚ್ಚಿದ್ರ, ಎರಡು ಬ್ಯಾರೆ ಕೇಬಲ್ ಹಾಕಿ ನೋಡ್ರಿ. 12 ವೋಲ್ಟ್ ಲೈನ್ ಲೋಡ್‌ನಾಗ 11.4ಕ್ಕಿಂತ ಕೆಳಗ ಇಳೀಬಾರದು. ಸಾಫ್ಟ್‌ವೇರ್ ತೋರಿಸೂದನ್ನ ನಂಬಬ್ಯಾಡ್ರಿ, ಮಲ್ಟಿಮೀಟರ್ ಇಡ್ರಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ, ಪ್ಲಗ್ ಕಿತ್ತರೂ ಕೆಪಾಸಿಟರ್‌ನಾಗ ಕರೆಂಟ್ ಇರ್ತೈತಿ.

ರ‍್ಯಾಮ್ ಕೆಟ್ರ ಸಾಮಾನ್ಯವಾಗಿ ಪ್ರತಿ ಸಲ ಬ್ಯಾರೆ ಹೆಸರಿನ ನೀಲಿ ಪರದೆ ಬರ್ತೈತಿ. ಅನುಮಾನ ಇದ್ರ ಮೆಮ್‌ಟೆಸ್ಟ್86 ರಾತ್ರಿಯೆಲ್ಲಾ ಬಿಡ್ರಿ. ಒಂದ ಎರರ್ ಬಂದ್ರೂ ಎಕ್ಸ್‌ಎಂಪಿ (ರ‍್ಯಾಮ್ ಜೋರ ಓಡಿಸೂ ಬಯೋಸ್ ಸೆಟ್ಟಿಂಗ್) ಆಫ್ ಮಾಡಿ ಮತ್ತೊಮ್ಮೆ, ಆಮ್ಯಾಲೆ ಒಂದೊಂದ ಸ್ಟಿಕ್ ಹಾಕಿ ನೋಡ್ರಿ.

ಹೊಸಾ ಎಸ್‌ಎಂಪಿಎಸ್ ಕೊಳ್ಳೂಕ್ಕಿಂತ ಮೊದಲ ಗೆಳೆಯಾರ ಕಡೆ ಒಂದು ಇಸ್ಕೊಂಡು ಹಚ್ಚಿ ನೋಡ್ರಿ. ನಿಮ್ಮದರ ಸ್ಟಿಕರ್ ಫೋಟೋ, 41ರ ಡಿಟೇಲ್ಸ್ ಇಲ್ಲೆ ಹಾಕ್ರಿ, ನೋಡಿ ಹೇಳ್ತೀನಿ.